ಜೀರಿಗೆಯ ಒಂಬತ್ತು ಚೆಂಡುಗಳು

ನನ್ನ ಟೇಪು ಯಾರ ಮುಲಾಜನ್ನೂ ನೋಡುವುದಿಲ್ಲ. ಸಾಂತಾ ಫಿಲೊಮೇನಾ ಸಕ್ಕರೆ ಕಾರ್ಖಾನೆಯ ಬೇಸ್‌ಬಾಲ್ ತಂಡಕ್ಕೆ ಇಪ್ಪತ್ತೆರಡು ವರ್ಷದಿಂದ ಅಂಗಿ, ಪ್ಯಾಂಟು ಹೊಲಿಯುತ್ತಿರುವವಳು ನಾನು, ನೆರೈದಾ. ಯಾವ ಆಟಗಾರನ ಎದೆ ಎಷ್ಟು, ತೋಳು ಎಷ್ಟು, ಯಾರ ಸೊಂಟ ಯಾವ ವರ್ಷ ಎಷ್ಟು ಬೆರಳು ದಪ್ಪವಾಯಿತು ಎಂಬುದು ಅವರ ಹೆಂಡತಿಯರಿಗಿಂತ ನನಗೇ ಚೆನ್ನಾಗಿ ಗೊತ್ತು. ಆದ್ದರಿಂದ ಎಲಿಯೇಸರ್‌ನ ಎತ್ತರದ ಬಗ್ಗೆ ಯಾರೂ ನನಗೆ ಪಾಠ ಹೇಳಬೇಕಾಗಿಲ್ಲ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತರೆ ಒಂದು ಮೀಟರ್ ಅರವತ್ತಾರು. ಕೂದಲು ಕೆದರಿಸಿಕೊಂಡು ನಿಂತರೂ ಅಷ್ಟೇ. ಊರಿನವರೆಲ್ಲ ಅವನನ್ನು ಜೀರಿಗೆ ಎಂದೇ ಕರೆಯುವುದು. ತಂಡದ ಪಟ್ಟಿಯಲ್ಲಿ ಮಾತ್ರ ಒಂದು ಮೀಟರ್ ಎಪ್ಪತ್ತು ಎಂದಿತ್ತು. ಆ ನಾಲ್ಕು ಸೆಂಟಿಮೀಟರ್ ಸೇರಿಸಿದ ಕೈಯೂ ನನ್ನದೇ. ಟೇಪು ಮುಲಾಜು ನೋಡುವುದಿಲ್ಲ, ನಾನು ನೋಡುತ್ತೇನೆ.

ನಮ್ಮ ಕ್ಯೂಬಾದಲ್ಲಿ ಊರಿಗೊಂದು ಪೆನ್ಯಾ ಇರುತ್ತದೆ, ಬೇಸ್‌ಬಾಲ್ ಬಗ್ಗೆ ಗಂಟಲು ಹರಿಯುವಂತೆ ಜಗಳವಾಡುವುದಕ್ಕೆಂದೇ ಸೇರುವ ಕೂಟ. ನಮ್ಮದು ಕಾರ್ಖಾನೆಯ ಗೇಟಿನೆದುರು, ಬಾದಾಮಿ ಮರದಡಿ, ಕ್ಷೌರಿಕ ಎವೆಲಿಯೊನ ಕುರ್ಚಿಯ ಸುತ್ತ. ಅರ್ಧ ಗಡ್ಡ ಬೋಳಿಸಿಕೊಂಡವನು ಇನ್ನರ್ಧ ಗಡ್ಡದಲ್ಲೇ ಎದ್ದು ನಿಂತು ಕೂಗಾಡುವುದು ಅಲ್ಲಿ ಮಾಮೂಲು. ಆ ಕೂಟದಲ್ಲಿ ಇದ್ದ ಒಬ್ಬಳೇ ಹೆಂಗಸು ನಾನು. ಯಾಕೆಂದರೆ ಲೆಕ್ಕದ ಪುಸ್ತಕ ನನ್ನ ಹತ್ತಿರ ಇತ್ತು. ಆ ವರ್ಷ ಊರಿನಲ್ಲಿ ಪೆಟ್ರೋಲ್ ಇರಲಿಲ್ಲ, ಸೋಪು ಇರಲಿಲ್ಲ, ಕಾಗದವಂತೂ ಮೊದಲೇ ಇರಲಿಲ್ಲ. ಪ್ರಾಂತ್ಯದ ಕಚೇರಿಯಿಂದ ಬರಬೇಕಾದ ಅಂಕಿ-ಅಂಶದ ಹಾಳೆ ಆಟ ಮುಗಿದು ಎಷ್ಟೋ ವಾರದ ಮೇಲೆ ಬರುತ್ತಿತ್ತು. ನಾನು ಕಬ್ಬು ತೂಗುವ ಚೀಟಿಗಳ ಬೆನ್ನುಗಳನ್ನು ದಾರ ಹಾಕಿ ಹೊಲಿದು ಪುಸ್ತಕ ಮಾಡಿಕೊಂಡು, ಪ್ರತಿ ಆಟದ ಪ್ರತಿ ಚೆಂಡನ್ನೂ ಬರೆಯುತ್ತಿದ್ದೆ. ತಂಡದ ಮ್ಯಾನೇಜರ್ ಸಿಲ್ವೇರಿಯೊ ಕೂಡ ತನ್ನ ಹುಡುಗರ ಲೆಕ್ಕ ಬೇಕಾದರೆ ನನ್ನ ಹೊಲಿಗೆ ಯಂತ್ರದ ಹತ್ತಿರವೇ ಬಂದು ನಿಲ್ಲುತ್ತಿದ್ದ.

ಆ ವರ್ಷದ ಜಗಳವೆಲ್ಲ ಚೆಂಡು ಎಸೆಯುವ ಇಬ್ಬರು ಪಿಚರ್‌ಗಳ ಮೇಲೆ. ಒಬ್ಬ ನಮ್ಮ ಜೀರಿಗೆ. ಇನ್ನೊಬ್ಬ ಪಕ್ಕದ ಲಾ ಕ್ರಿಯೋಯಾ ಕಾರ್ಖಾನೆಯ ರಿಗೊಬೆರ್ತೊ. ಅವನಿಗೆ ಕಂಬ ಎಂದೇ ಹೆಸರು. ಹಿಂದಿನ ವರ್ಷ ಅವನಿಗೂ ಒಂದು ಅಂಗಿ ಹೊಲಿದಿದ್ದೆ, ಸ್ಟೂಲು ಹತ್ತಿ ಅಳತೆ ತೆಗೆದುಕೊಂಡಿದ್ದೆ. ಎತ್ತರ ಒಂದು ಮೀಟರ್ ತೊಂಬತ್ತಮೂರು. ಕೈ ಅಗಲಿಸಿದರೆ ಹೆಬ್ಬೆರಳಿನಿಂದ ಕಿರುಬೆರಳಿಗೆ ಇಪ್ಪತ್ನಾಲ್ಕು ಸೆಂಟಿಮೀಟರ್. ಜೀರಿಗೆಯದು ಹತ್ತೊಂಬತ್ತು, ಅದೂ ನಾನು ಬೆರಳು ಹಿಡಿದು ಎಳೆದಾಗ.

ಎವೆಲಿಯೊ ನಮ್ಮೂರಿನವನೇ ಆದರೂ ಕಂಬನ ಭಕ್ತ. ಕತ್ತರಿಯನ್ನು ಗಾಳಿಯಲ್ಲಿ ಆಡಿಸುತ್ತಾ ಶುರು ಮಾಡುತ್ತಿದ್ದ.

"ಅವನ ಕೈ ನೋಡಿದೀಯಾ ನೆರೈದಾ? ಚೆಂಡು ಆ ಕೈಯೊಳಗೆ ಹೋದ್ರೆ ನಿಂಬೆಹಣ್ಣಿನ ಥರ ಕಾಣುತ್ತೆ. ನಿನ್ ಜೀರಿಗೆ ಕೈಯಲ್ಲಿ ಅದೇ ಚೆಂಡು ಕುಂಬಳಕಾಯಿ!"

"ಕುಂಬಳಕಾಯೀನೇ ಎಸೆದು ನಲವತ್ತಮೂರು ಜನಾನ ಬ್ಯಾಟ್ ತಾಗಿಸದ ಹಾಗೆ ಮನೆಗೆ ಕಳಿಸಿದಾನೆ. ನಿನ್ ಕಂಬ ನಿಂಬೆಹಣ್ಣು ಎಸೆದು ನಲವತ್ತೊಂದು. ಅದೂ ಹನ್ನೆರಡು ಇನ್ನಿಂಗ್ಸ್ ಜಾಸ್ತಿ ಆಡಿ. ಈಗ ಹೇಳು."

"ವೇಗ? ಕಂಬಂದು ನೂರಾ ನಲವತ್ತಾರು ಕಿಲೋಮೀಟರ್! ಜೀರಿಗೇದು ನೂರಾ ಮೂವತ್ತೊಂದು. ಆ ಚೆಂಡು ಬರೋಷ್ಟ್ರಲ್ಲಿ ನಾನು ಒಬ್ಬರಿಗೆ ಕಟಿಂಗ್ ಮುಗಿಸ್ತೀನಿ."

"ನೀನು ಕಟಿಂಗ್ ಮುಗಿಸೋದು ನಾವು ಯಾವಾಗ ನೋಡಿದೀವಿ? ಕಂಬ ಗುರಿ ತಪ್ಪಿ ಎಸೆದು ಇಪ್ಪತ್ತೊಂದು ಜನಕ್ಕೆ ಪುಕ್ಕಟೆ ಬೇಸ್ ಕೊಟ್ಟಿದಾನೆ. ನಮ್ಮೋನು ಎಂಟೇ ಎಂಟು."

ಇಷ್ಟು ಹೊತ್ತಿಗೆ ಕುರ್ಚಿಯಲ್ಲಿ ಕೂತವನು ತನ್ನ ಕಿವಿಯ ಗತಿ ಏನೋ ಎಂದು ಎರಡೂ ಕೈಯಿಂದ ಮುಚ್ಚಿಕೊಂಡಿರುತ್ತಿದ್ದ.

ಜಗಳ ಬರೀ ಬಾಯಿಚಪಲದ್ದಾಗಿರಲಿಲ್ಲ. ಪ್ರಾಂತ್ಯದ ತಂಡಕ್ಕೆ ಪಿಚರ್‌ಗಳನ್ನು ಆರಿಸುವವರು ಕಣ್ಣಳತೆಯಲ್ಲೇ ಆರಿಸುವುದು. ಉದ್ದ ಕೈಕಾಲು, ಅಗಲ ಭುಜ ಕಂಡರೆ ಅವರಿಗೆ ಬಾಯಲ್ಲಿ ನೀರು. ಜೀರಿಗೆಯನ್ನು ನಾಲ್ಕು ವರ್ಷ ನೋಡಿ, ನಾಲ್ಕು ವರ್ಷವೂ 'ಎತ್ತರ ಸಾಲದು' ಎಂದು ಬರೆದು ಕಳಿಸಿದ್ದರು. ಆದರೆ ಒಂದು ಜಾಗ ಮಾತ್ರ ಕಣ್ಣಳತೆಗೆ ಸಿಗುವಂಥದ್ದಲ್ಲ. ವಲಯದಲ್ಲಿ ಯಾರು ಸರಾಸರಿ ಒಂಬತ್ತು ಇನ್ನಿಂಗ್ಸಿಗೆ ಅತಿ ಕಡಿಮೆ ರನ್ ಕೊಟ್ಟಿರುತ್ತಾನೋ ಅವನನ್ನು, ಕುಳ್ಳನಾಗಿರಲಿ, ಕುಂಟನಾಗಿರಲಿ, ತೆಗೆದುಕೊಳ್ಳಲೇಬೇಕು. ಷರತ್ತು ಒಂದೇ: ತಂಡ ಎಷ್ಟು ಆಟ ಆಡಿದೆಯೋ ಅಷ್ಟು ಇನ್ನಿಂಗ್ಸ್ ಅವನು ಎಸೆದಿರಬೇಕು. ನಮ್ಮದು ನಲವತ್ತು ಆಟ, ಆದ್ದರಿಂದ ನಲವತ್ತು ಇನ್ನಿಂಗ್ಸ್. ಒಂದು ಇನ್ನಿಂಗ್ಸ್ ಎಂದರೆ ಮೂರು ಔಟು. ಒಂದೇ ಒಂದು ಔಟು ಕಡಿಮೆಯಾದರೂ ಹೆಸರು ಪಟ್ಟಿಯಲ್ಲೇ ಬರುವುದಿಲ್ಲ.

ಜೀರಿಗೆಗೆ ಇಪ್ಪತ್ತೊಂಬತ್ತು ತುಂಬಿತ್ತು. ಮೂವತ್ತು ದಾಟಿದ ಹೊಸಬರನ್ನು ಅವರು ಮುಟ್ಟುವುದಿಲ್ಲ. ಕಾರ್ಖಾನೆಯಲ್ಲಿ ಅವನ ಕೆಲಸ ಗಾಣದ ಚಕ್ರಗಳ ನಡುವೆ ತೆವಳಿ ಹೋಗಿ ಗ್ರೀಸ್ ಹಚ್ಚುವುದು, ಅಲ್ಲಿ ಬೇರೆ ಯಾರ ಮೈಯೂ ಹಿಡಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಈ ಸಲ ತಪ್ಪಿದರೆ ಅವನು ಸಾಯುವ ತನಕ ಅಲ್ಲೇ ತೆವಳುತ್ತಿರಬೇಕಿತ್ತು.

ಕೊನೆಯ ಆಟಕ್ಕೆ ಮುಂಚಿನ ಶುಕ್ರವಾರ ಬಾದಾಮಿ ಮರದಡಿ ನಾನು ಪುಸ್ತಕ ಬಿಚ್ಚಿ ಎಲ್ಲರೆದುರು ಕೂಡಿದೆ. ಕಂಬ: ಐವತ್ತೆರಡು ಇನ್ನಿಂಗ್ಸ್, ಹತ್ತು ರನ್, ಸರಾಸರಿ ಒಂದು ಪಾಯಿಂಟ್ ಏಳು ಮೂರು. ಜೀರಿಗೆ: ನಲವತ್ತು ಇನ್ನಿಂಗ್ಸ್, ಮೇಲೊಂದು ಔಟು, ಏಳು ರನ್, ಸರಾಸರಿ ಒಂದು ಪಾಯಿಂಟ್ ಐದು ಆರು. ಎವೆಲಿಯೊ ಮೂರು ಸಲ ಕೂಡಿ ನೋಡಿದ. ಮೂರು ಸಲವೂ ಅದೇ ಬಂತು. ಕೊನೆಗೆ ಕತ್ತರಿಯನ್ನು ಜೇಬಿಗಿಳಿಸಿ, "ಆಯ್ತು, ನಿನ್ ಪುಸ್ತಕ ಗೆದ್ದಿತು," ಎಂದ. ಆ ಸಂಜೆ ನಾನು ನೆಲದ ಮೇಲೆ ನಡೆಯಲಿಲ್ಲ.

ಸಿಲ್ವೇರಿಯೊಗೆ ಭಾನುವಾರದ ಕೊನೆಯ ಆಟದಲ್ಲೂ ಜೀರಿಗೆಯಿಂದ ಒಂದು ಇನ್ನಿಂಗ್ಸ್ ಎಸೆಯಿಸಬೇಕೆಂಬ ಆಸೆ. ಜೀರಿಗೆಗೂ ಅದೇ ಆಸೆ.

"ಚಿಕ್ಕಮ್ಮ, ಒಂದೇ ಒಂದು ಇನ್ನಿಂಗ್ಸು. ಕಂಬನ ತಂಡದ ಎದುರು ಆಡ್ದೆ ಗೆದ್ರೆ ಏನ್ ಚೆನ್ನ?"

"ಚೆನ್ನ-ಗಿನ್ನ ಎಲ್ಲ ಆಮೇಲೆ. ಒಂದು ರನ್ ಹೋದ್ರೆ ಕಂಬಾನೇ ಮೇಲೆ ಹೋಗಿ ಕೂರ್ತಾನೆ. ಬಾಯಿ ಮುಚ್ಕೊಂಡು ಬೆಂಚಲ್ಲಿ ಕೂತಿರು. ಅಂಗಿ ಬಿಚ್ಚಿ ಕೊಡು ಇಲ್ಲಿ."

ಅಂಗಿ ಕಸಿದುಕೊಂಡಿದ್ದಕ್ಕೆ ಕಾರಣವಿತ್ತು. ಆಟ ಮುಗಿದ ಮೇಲೆ ಪ್ರಾಂತ್ಯದ ಆಯ್ಕೆದಾರರು ಫೋಟೋ ತೆಗೆಸುತ್ತಾರೆ. ಆ ಫೋಟೋದಲ್ಲಿ ಅವನು ಕಂಬನ ಪಕ್ಕ ನಿಲ್ಲಬೇಕು. ಭುಜಕ್ಕೆ ಎರಡೆರಡು ಬೆರಳು ಹತ್ತಿ ತುಂಬಿ ಹೊಲಿದರೆ ಸ್ವಲ್ಪವಾದರೂ ಗಂಡಸಿನ ಆಕಾರ ಬರುತ್ತದೆ ಎಂದು ನನ್ನ ಎಣಿಕೆ. ಒಬ್ಬೊಬ್ಬ ಆಟಗಾರನಿಗೆ ಒಂದೊಂದೇ ಅಂಗಿ ಇದ್ದ ಕಾಲ ಅದು. ಅವನು ಬನಿಯನ್‌ನಲ್ಲೇ ಬೆಂಚಿಗೆ ಹೋದ.

ಭಾನುವಾರ ಮಧ್ಯಾಹ್ನ ಊರೆಲ್ಲ ಮೈದಾನದಲ್ಲಿತ್ತು. ನಾನೊಬ್ಬಳು ಮನೆಯಲ್ಲಿ ರೇಡಿಯೊ ಹಾಕಿಕೊಂಡು ಹೊಲಿಯುತ್ತಿದ್ದೆ. ಆರನೇ ಇನ್ನಿಂಗ್ಸ್, ನಮ್ಮವರು ಐದು, ಅವರು ಒಂದು. ಎಡಭುಜ ಮುಗಿಸಿ, ಬಲಭುಜಕ್ಕೆ ಹತ್ತಿಯಿಟ್ಟು ಗುಂಡುಸೂಜಿ ಚುಚ್ಚಿ ಹಿಡಿಸಿದೆ. ಅಂಗಿಯನ್ನು ತಿರುಗಿಸಿದಾಗ ಎದೆಯ ಮೇಲೆ ಕೆಂಪು ಮಣ್ಣಿನ ಕಲೆ ಕಾಣಿಸಿತು, ಒಂದು ಅಂಗೈಯಷ್ಟು. ಎಷ್ಟು ಒಗೆದರೂ ಹೋಗದ ಕಲೆ. ಯಾವತ್ತಿನದು ಎಂದು ನೆನಪಾಗಿ ನಗು ಬಂತು. ಮೇ ತಿಂಗಳಿನದು. ಆ ದಿನ ನಾಲ್ಕನೇ ಇನ್ನಿಂಗ್ಸಿಗೆ ಜೀರಿಗೆ ಬಂದು ಒಂಬತ್ತೇ ಚೆಂಡು ಎಸೆದಿದ್ದ. ಒಂಬತ್ತು ಚೆಂಡು, ಒಂಬತ್ತು ಸ್ಟ್ರೈಕು, ಮೂರು ಸ್ಟ್ರೈಕಿಗೆ ಒಬ್ಬನಂತೆ ಮೂರು ಜನ ಔಟು. ಯಾರ ಬ್ಯಾಟಿಗೂ ಚೆಂಡಿನ ಗಾಳಿ ಕೂಡ ತಾಗಲಿಲ್ಲ. ನನ್ನ ಜೀವಮಾನದಲ್ಲಿ ಅಂಥದ್ದನ್ನು ಇನ್ನೊಮ್ಮೆ ನೋಡಿಲ್ಲ. ಅದು ಮುಗಿಯುವುದಕ್ಕೂ ಆಕಾಶ ಕಳಚಿಬೀಳುವುದಕ್ಕೂ ಸರಿಹೋಯಿತು. ಆ ಮಳೆಯಲ್ಲಿ ಅವನು ಮೈದಾನದ ಕೆಸರಿನ ಮೇಲೆ ಎದೆಯೂರಿ ಈ ತುದಿಯಿಂದ ಆ ತುದಿಗೆ ಜಾರಿಕೊಂಡು ಹೋದ. ನಾವೆಲ್ಲ ನೆನೆದು ತೊಪ್ಪೆಯಾಗಿ ಅಲ್ಲೇ ನಿಂತು ಕುಣಿದೆವು.

ಮಳೆ.

ಯಂತ್ರದ ಪೆಡಲಿನ ಮೇಲೆ ನನ್ನ ಕಾಲು ನಿಂತುಹೋಯಿತು. ನಾಲ್ಕನೇ ಇನ್ನಿಂಗ್ಸಿಗೆ ಮಳೆ ಬಂದಿತ್ತು. ಐದು ಇನ್ನಿಂಗ್ಸ್ ಮುಗಿಯದೆ ನಿಂತ ಆಟ ಆಟವೇ ಅಲ್ಲ. ಹೊಡೆದ ರನ್ನು, ಬಿದ್ದ ಔಟು, ಎಲ್ಲವೂ ಮಳೆಯ ಜೊತೆ ಕೊಚ್ಚಿಹೋದ ಲೆಕ್ಕ. ಆ ಆಟವನ್ನು ಜೂನಿನಲ್ಲಿ ಮೊದಲಿನಿಂದ ಆಡಿಸಿದ್ದರು, ಜೀರಿಗೆ ಆ ದಿನ ಎಸೆದೇ ಇರಲಿಲ್ಲ. ಈ ನಿಯಮ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆ ರಾತ್ರಿಯೇ ಆ ಪುಟವನ್ನು ಹೊಡೆದುಹಾಕಬೇಕಿತ್ತು. ಪೆನ್ನು ಹಿಡಿದು ಕೂತಿದ್ದೆ, ಕೈ ಬರಲಿಲ್ಲ. ಅಷ್ಟು ಚೆಂದದ ಒಂಬತ್ತು ಚೆಂಡುಗಳನ್ನು ಆಗಲೇ ಇಲ್ಲ ಎನ್ನುವುದು ಹೇಗೆ? ನಾಳೆ ಹೊಡೆದರಾಯಿತು ಎಂದು ಪುಸ್ತಕ ಮುಚ್ಚಿದ್ದೆ. ಆ ನಾಳೆ ಬರಲೇ ಇಲ್ಲ.

ಪುಸ್ತಕ ಎಳೆದು ನೋಡಿದೆ. ಇತ್ತು. ಒಂಬತ್ತು ಗೀಟು, ಮೂರು ಔಟು, ಅಚ್ಚುಕಟ್ಟಾಗಿ ಒಟ್ಟು ಮೊತ್ತದಲ್ಲಿ ಸೇರಿಕೊಂಡು ಕೂತಿತ್ತು. ತೆಗೆದರೆ ಉಳಿಯುವುದು ಮೂವತ್ತೊಂಬತ್ತು ಇನ್ನಿಂಗ್ಸ್, ಒಂದು ಔಟು. ಎರಡು ಔಟು ಕಡಿಮೆ. ಅವನನ್ನು ಬೆಂಚಿನಲ್ಲಿ ಕೂರಿಸಿದವಳು ನಾನು. ಅಂಗಿ ಬಿಚ್ಚಿಸಿಕೊಂಡು ಬಂದವಳೂ ನಾನು. ನನ್ನ ಕೆನ್ನೆಗೆ ನಾನೇ ಒಂದು ಬಾರಿಸಿಕೊಂಡೆ, ಸುಳ್ಳಲ್ಲ.

ಆಮೇಲೆ ಯೋಚನೆ ಮಾಡಲಿಲ್ಲ. ಅಂಗಿಯನ್ನು ಮುದ್ದೆ ಮಾಡಿ ಕಂಕುಳಲ್ಲಿಟ್ಟುಕೊಂಡು, ಚೀನಾ ಸೈಕಲ್ ಹತ್ತಿ ಹೊರಟೆ. ಮೈದಾನ ಮೂರು ಕಿಲೋಮೀಟರ್. ನನಗೆ ಐವತ್ತೆಂಟು ವರ್ಷ, ತೂಕ ಹೇಳುವುದಿಲ್ಲ. ಕಬ್ಬಿನ ರೈಲಿನ ಹಳಿ ಪಕ್ಕದ ದಾರಿಯಲ್ಲಿ ಸೈಕಲ್ಲಿನ ಚೈನು ಎರಡು ಸಲ ಕಳಚಿತು. ಎರಡು ಸಲವೂ ಅದನ್ನು ಮಾಡಿದವನ ವಂಶವನ್ನೆಲ್ಲ ನೆನೆಸಿಕೊಂಡು ಸಿಕ್ಕಿಸಿದೆ. ಬೀದಿಯ ಪ್ರತಿ ಕಿಟಕಿಯಲ್ಲೂ ಅದೇ ರೇಡಿಯೊ ಹಾಡುತ್ತಿತ್ತು. ಮೊದಲ ಮನೆಯ ಹತ್ತಿರ ಏಳನೇ ಇನ್ನಿಂಗ್ಸ್ ನಡೆಯುತ್ತಿತ್ತು. ಬಾವಿ ಕಟ್ಟೆ ದಾಟುವಾಗ ಎಂಟನೆಯದು. ಒಂದು ಜಗಲಿಯಲ್ಲಿ ಗೆಣಸು ಸುಲಿಯುತ್ತಿದ್ದ ಮುದುಕಿ ನನ್ನನ್ನು ನೋಡಿ ಎದ್ದು ನಿಂತಳು.

"ನೆರೈದಾ! ಯಾರು ಹೋದ್ರೇ?"

"ಯಾರೂ ಹೋಗಿಲ್ಲ! ಸ್ಕೋರ್ ಎಷ್ಟು?"

"ಆರು-ಒಂದು! ಎಂಟು ಮುಗೀತು, ಒಂಬತ್ತು ಶುರು! ನಮ್ಮೋರು ಗೆದ್ದ ಹಾಗೇನೇ, ಯಾಕೆ ಓಡ್ತೀಯಾ?"

ಅದೇ ನನ್ನ ಸಂಕಟ. ಒಂಬತ್ತನೆಯದರಲ್ಲಿ ಲಾ ಕ್ರಿಯೋಯಾದವರು ಬ್ಯಾಟ್ ಹಿಡಿಯುವುದು. ಅವರ ಮೂವರು ಔಟಾದರೆ ಆಟ ಖಲಾಸ್, ವರ್ಷವೂ ಖಲಾಸ್. ನಾನು ಮೈದಾನದ ಗೇಟಿನಲ್ಲಿ ಸೈಕಲ್ ಎಸೆದಾಗ ಜನ ಹೋ ಎಂದರು. ಒಬ್ಬ ಔಟಾಗಿದ್ದ. ಉಳಿದಿದ್ದದ್ದು ಎರಡೇ ಔಟು. ನಮಗೆ ಬೇಕಾಗಿದ್ದದ್ದೂ ಅಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ನಮ್ಮ ಬೆಂಚು ಮೈದಾನದ ಆಚೆ ಬದಿಗೆ. ಸುತ್ತಿ ಹೋಗುವಷ್ಟು ಹೊತ್ತಿರಲಿಲ್ಲ. ಕಿವಿಯಲ್ಲಿ ಮೆಲ್ಲಗೆ ಹೇಳಿ ಮರ್ಯಾದೆ ಉಳಿಸಿಕೊಳ್ಳುವ ದಾರಿಯೂ ಇರಲಿಲ್ಲ. ತಂತಿ ಬೇಲಿಗೆ ಜೋತುಬಿದ್ದು ನನ್ನ ಜೀವಮಾನದ ಅತಿ ದೊಡ್ಡ ದನಿ ತೆಗೆದೆ.

"ಸಿಲ್ವೇರಿಯೋ! ಆಟ ನಿಲ್ಸು! ನಲವತ್ತಲ್ಲ, ಮೂವತ್ತೊಂಬತ್ತು! ಮಳೆ ಆಟ ಸೇರಿಸ್ಬಿಟ್ಟಿದೀನಿ! ಜೀರಿಗೆಗೆ ಇನ್ನೂ ಎರಡು ಔಟ್ ಬೇಕು!"

ಮೈದಾನವೆಲ್ಲ ನನ್ನ ಕಡೆ ತಿರುಗಿತು. ಮೆಟ್ಟಿಲ ಮೇಲೆ ನಮ್ಮ ಪೆನ್ಯಾ ಪೂರ್ತಿ ಕೂತಿತ್ತು. ಎವೆಲಿಯೊ ಎದ್ದು ನಿಂತ. ಈಗ ಇವನು ಎಲ್ಲರೆದುರು ನನ್ನ ಮಾನ ಹರಾಜು ಹಾಕುತ್ತಾನೆ ಎಂದುಕೊಂಡೆ. ಅವನು ಬೆರಳು ಮಡಚಿ ಏನೋ ಎಣಿಸಿ, ತಲೆ ಮೇಲೆ ಕೈ ಹೊತ್ತುಕೊಂಡ.

"ಅಯ್ಯೋ ಸಾಂತಾ ಬಾರ್ಬರಾ! ಆ ಒಂಬತ್ತು ಚೆಂಡು! ನಾನೂ ಅಲ್ಲೇ ಇದ್ನಲ್ಲ, ನೆನೆದು ಮೂರು ದಿನ ಜ್ವರದಲ್ಲಿ ಮಲಗಿದ್ನಲ್ಲ! ಮೂರು ಸಲ ಕೂಡಿದೆ, ನನಗೂ ಹೊಳೀಲಿಲ್ಲ!"

ಹೊಳೆಯುವುದು ಹೇಗೆ? ಕೂಟದಲ್ಲಿ ಒಬ್ಬನಾದರೂ ಅದನ್ನು ಮರೆತಿದ್ದರೆ ಹೊಳೆಯುತ್ತಿತ್ತು. ನಮಗೆಲ್ಲ ಆ ವರ್ಷದ ಬೇರೆ ಆಟಗಳಿಗಿಂತ ಅದೇ ಹೆಚ್ಚು ನಿಜವಾಗಿತ್ತು.

ಸಿಲ್ವೇರಿಯೊ ಅಂಪೈರಿನ ಕಡೆ ಕೈಯೆತ್ತಿ ಓಡಿದ. ಜೀರಿಗೆ ಬನಿಯನ್‌ನಲ್ಲೇ ನನ್ನ ಕಡೆ ಓಡಿಬಂದ. ನಾನು ಅಂಗಿಯ ಮುದ್ದೆಯನ್ನು ಬೇಲಿಯ ಮೇಲಿಂದ ಎಸೆದೆ.

"ತಪ್ಪು ನಂದು ಕಣೋ! ಬೈಯೋದಿದ್ರೆ ಆಮೇಲೆ ಬೈ!"

ಅವನು ಬೈಯಲಿಲ್ಲ. ಅಂಗಿಗೆ ತಲೆ ತೂರಿಸುತ್ತಾ ಹಲ್ಲು ಕಿರಿದ. "ಆಡ್ದೆ ಗೆದ್ರೆ ಏನ್ ಚೆನ್ನ ಅಂದಿರ್ಲಿಲ್ವಾ ಚಿಕ್ಕಮ್ಮ?"

"ಬಲಭುಜದಲ್ಲಿ ಗುಂಡುಸೂಜಿ ಇದೆ!" ಎಂದು ನಾನು ಕೂಗುವಷ್ಟರಲ್ಲಿ ಅವನು ಅರ್ಧ ಮೈದಾನ ದಾಟಿದ್ದ.

ಅವನು ಪಿಚರ್ ನಿಲ್ಲುವ ದಿಬ್ಬದ ಮೇಲೆ ನಿಂತಾಗ ಲಾ ಕ್ರಿಯೋಯಾದವರು ಬಿದ್ದು ಬಿದ್ದು ನಕ್ಕರು. ಎಡಭುಜ ದಿಂಬಿನ ಹಾಗೆ ಉಬ್ಬಿತ್ತು, ಬಲಭುಜದ ಹತ್ತಿ ಜಾರಿ ತೋಳಿನ ಮೇಲೆ ಬಂದು ಕೂತಿತ್ತು. ಆದರೆ ಅವರು ನಗುವುದನ್ನು ಬೇಗ ನಿಲ್ಲಿಸಿದರು. ನನ್ನ ಕೂಗು ಅವರಿಗೂ ಕೇಳಿತ್ತಲ್ಲ. ಆಟ ಹೇಗೂ ಸೋತಾಗಿದೆ, ಆದರೆ ಜೀರಿಗೆಯ ಮೇಲೆ ಒಂದೇ ಒಂದು ರನ್ ಹೊಡೆದರೆ ಅವನ ಸರಾಸರಿ ಒಂದು ಪಾಯಿಂಟ್ ಎಂಟಕ್ಕೆ ಏರುತ್ತದೆ, ಕಿರೀಟ ಅವರ ಕಂಬನ ತಲೆಗೆ. ಕಂಬ ಗುರುವಾರವೇ ಎಸೆದು ಮುಗಿಸಿ ಅವರ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದ. ಈಗ ಕಾಲು ಮಡಚಿ ನೆಟ್ಟಗೆ ಕೂತ.

"ಒಂದು ರನ್! ಒಂದೇ ರನ್ ಸಾಕು ಕೊಂಪಾಯ್, ಸಾಕು ಗೆಳೆಯಾ!" ಎಂದು ಅವರ ಬೆಂಚಿನಿಂದ ಕೂಗು ಎದ್ದಿತು.

ಮೊದಲನೆಯವನು ಎರಡನೇ ಚೆಂಡಿಗೇ ಬೀಸಿದ. ಚೆಂಡು ಏರಿತು, ಏರಿತು, ನೇರ ಎದುರಿನ ಕೊನೆಯ ಬೇಲಿಯ ತನಕ ಹೋಯಿತು. ನಮ್ಮ ಹುಡುಗ ಬೇಲಿಗೆ ಬೆನ್ನು ಹಚ್ಚಿ ನಿಂತು ಹಿಡಿದ. ಒಂದು ಔಟು! ಜನ ಎದ್ದು ಕುಣಿದರು. ಪಕ್ಕದಲ್ಲಿದ್ದವನ ಟೋಪಿ ಕಿತ್ತು ನಾನು ಮೇಲಕ್ಕೆಸೆದೆ, ಅದು ಬೇಲಿಯಾಚೆ ಬಿತ್ತು.

ಇನ್ನೊಂದು ಔಟು. ಬಂದವನು ಅವರ ದಾಂಡಿಗ, ಗೂಳಿ ಕತ್ತಿನವನು. ಮೊದಲ ಚೆಂಡನ್ನೇ ಬಲಗಡೆ ಗೆರೆಯ ಉದ್ದಕ್ಕೆ ಚಚ್ಚಿ ಎರಡನೇ ಬೇಸಿಗೆ ಹೋಗಿ ನಿಂತ. ಅವರ ಬೆಂಚು ತಗಡು ಬಾರಿಸತೊಡಗಿತು. ಮುಂದಿನವನು ಎಡಗೈಯ ಸಣಕಲ ಮನುಷ್ಯ, ಊರಿಗೇ ವೇಗದ ಓಟಗಾರ. ಜೀರಿಗೆ ತೋಳು ಹಿಂದಕ್ಕೆ ತೆಗೆದ, ಮುಖ ಕಿವುಚಿದ, ಚೆಂಡು ನೆಲಕ್ಕೆ ಬಡಿದು ಹಿಂದಕ್ಕೆ ಉರುಳಿಹೋಯಿತು. ಸೂಜಿ ಚುಚ್ಚಿತ್ತು! ನನ್ನ ಸೂಜಿ! ಗೂಳಿ ಕತ್ತಿನವನು ಮೂರನೇ ಬೇಸಿಗೆ ಓಡಿದ. ಇನ್ನು ಅವನು ಮನೆ, ಅಂದರೆ ಬ್ಯಾಟು ಬೀಸಿದ ಜಾಗ, ತಲುಪಿದರೆ ಒಂದು ರನ್, ಎಲ್ಲ ಮುಗಿಯಿತು.

"ಆ ಹತ್ತಿ ಕಿತ್ತು ಬಿಸಾಕೋ!" ಎಂದು ಕಿರುಚಿದೆ.

"ಬಾಯಿ ಮುಚ್ಚೇ ಪುಣ್ಯಾತ್ಗಿತ್ತಿ, ಅವನು ಎಸೀಲಿ," ಎಂದ ಎವೆಲಿಯೊ. ಯಾವಾಗಲೋ ಬಂದು ನನ್ನ ಪಕ್ಕ ಬೇಲಿ ಹಿಡಿದು ನಿಂತಿದ್ದ. ಅವನ ಬೆರಳುಗಳು ಬಿಳುಚಿದ್ದವು. ಕಂಬನ ಭಕ್ತನಂತೆ, ಕಂಬನ ಭಕ್ತ!

ಒಂದು ಸ್ಟ್ರೈಕು. ಎರಡು ಸ್ಟ್ರೈಕು. ಒಂದು ಹೊರಗೆ. ಜೀರಿಗೆ ಟೋಪಿ ಸರಿಮಾಡಿಕೊಂಡು ಅವನ ನಿಧಾನದ ಚೆಂಡು ಬಿಟ್ಟ. ಸಣಕಲ ಮನುಷ್ಯ ಬೀಸಲೇ ಇಲ್ಲ. ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆತ್ತಗೆ ಮುಟ್ಟಿಸಿ, ಓಡಿದ. ಎರಡು ಸ್ಟ್ರೈಕಾದ ಮೇಲೆ ಯಾವ ಬುದ್ಧಿಯಿದ್ದವನೂ ಹಾಗೆ ಮಾಡುವುದಿಲ್ಲ. ಚೆಂಡು ಗೆರೆ ದಾಟಿ ಹೊರಹೋದರೆ ಅವನೇ ಔಟು. ಆದರೆ ಅವರಿಗೆ ಆಟ ಬೇಕಿರಲಿಲ್ಲ, ಬೇಕಿದ್ದದ್ದು ಆ ಒಂದು ರನ್. ಚೆಂಡು ಗೆರೆಯೊಳಗೇ ಹುಲ್ಲಿನಲ್ಲಿ ಇಲಿಯ ಹಾಗೆ ಉರುಳಿತು. ಗೂಳಿ ಕತ್ತಿನವನು ಮನೆಯ ಕಡೆ ನುಗ್ಗಿದ. ಸಣಕಲ ಮನುಷ್ಯನನ್ನು ಮೊದಲ ಬೇಸಿನಲ್ಲಿ ಔಟ್ ಮಾಡಿದರೆ ಮಾತ್ರ ಆ ರನ್ ಲೆಕ್ಕಕ್ಕಿಲ್ಲ.

ಜೀರಿಗೆ ಆಗಲೇ ದಿಬ್ಬದಿಂದ ಕೆಳಗಿದ್ದ. ಅವನು ಬಗ್ಗಲಿಲ್ಲ, ಬಗ್ಗುವ ಅಗತ್ಯವೇ ಅವನಿಗಿರಲಿಲ್ಲ. ಗಾಣದ ಚಕ್ರದ ಕೆಳಗೆ ನುಗ್ಗುವ ಹಾಗೆಯೇ ನುಗ್ಗಿ, ಎದೆ ನೆಲಕ್ಕೆ ಬಡಿಯುತ್ತಿದ್ದಂತೆ ಬರಿಗೈಯಲ್ಲಿ ಚೆಂಡು ಬಾಚಿದ. ಮಲಗಿದಲ್ಲಿಂದಲೇ ಬೀಸಿ ಎಸೆದ. ಬಲಭುಜದ ಹೊಲಿಗೆ ಪರ್ ಎಂದು ಬಿಚ್ಚಿತು. ಚೆಂಡು ಒಂದು ಕಡೆ ಹೋಯಿತು, ಹತ್ತಿ ಇನ್ನೊಂದು ಕಡೆ ಹಾರಿತು. ಅರ್ಧ ಮೈದಾನಕ್ಕೆ ಯಾವುದು ಚೆಂಡು, ಯಾವುದು ಹತ್ತಿ ಎಂದೇ ತಿಳಿಯಲಿಲ್ಲ.

ಮೊದಲ ಬೇಸಿನ ಅಂಪೈರಿಗೆ ತಿಳಿಯಿತು. ಅವನ ಮುಷ್ಟಿ ಮೇಲಕ್ಕೆ ಹೋಯಿತು.

"ಔಟ್!"

ಆಮೇಲೆ ಏನಾಯಿತೆಂದು ಸರಿಯಾಗಿ ಹೇಳಲಾರೆ. ಎವೆಲಿಯೊ ನನ್ನನ್ನು ತಬ್ಬಿಕೊಂಡು ಎತ್ತಲು ನೋಡಿದ, ಆಗಲಿಲ್ಲ, ಇಬ್ಬರೂ ಬಿದ್ದೆವು. ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. ಜನ ಜೀರಿಗೆಯನ್ನು ಹೆಗಲ ಮೇಲೆ ಹೊತ್ತು ತಂದರು. ಕಂಬ ದೊಡ್ಡ ದೊಡ್ಡ ಹೆಜ್ಜೆ ಹಾಕಿ ಬಂದು ತನ್ನ ಇಪ್ಪತ್ನಾಲ್ಕು ಸೆಂಟಿಮೀಟರ್ ಕೈಯನ್ನು ಚಾಚಿದ.

"ನಾನಾಗಿದ್ರೆ ಆ ಚೆಂಡಿಗೆ ಬಗ್ಗೋಷ್ಟ್ರಲ್ಲಿ ಅವನು ಮನೆಗೆ ಹೋಗಿ ಊಟ ಮುಗಿಸ್ತಿದ್ದ ಕಣಯ್ಯ," ಎಂದ. ಅವನು ಒಳ್ಳೆಯವನು. ಅವನಿಗೇನು, ಕಣ್ಣಳತೆಯ ಜಾಗ ಅವನಿಗೆ ಕಾದೇ ಇತ್ತು.

ಪ್ರಾಂತ್ಯದ ಆಯ್ಕೆದಾರ ಕನ್ನಡಕ ಏರಿಸಿಕೊಂಡು ಫಾರಂ ತೆಗೆದ. ನಾನು ಪುಸ್ತಕ ಬಿಚ್ಚಿ ಹೇಳಿದೆ: ಇನ್ನಿಂಗ್ಸ್ ನಲವತ್ತು, ರನ್ ಏಳು, ಸರಾಸರಿ ಒಂದು ಪಾಯಿಂಟ್ ಐದು ಎಂಟು. ಪ್ರಾಂತ್ಯದ ಹಾಳೆ ಬಂದಾಗ ತಾಳೆ ನೋಡಿಕೊಳ್ಳಿ, ಈ ಸಲ ಸರಿಯಾಗಿದೆ ಎಂದೆ.

"ಎತ್ತರ? ಪಟ್ಟಿಯಲ್ಲಿ ಒಂದು ಎಪ್ಪತ್ತು ಅಂತಿದೆ," ಎಂದು ಅವನು ಜೀರಿಗೆಯನ್ನು ಮೇಲಿನಿಂದ ಕೆಳಗೆ ನೋಡಿದ.

"ಒಂದು ಅರವತ್ತಾರು," ಎಂದೆ. "ಎಪ್ಪತ್ತು ಅಂತ ಬರೆದೋಳು ನಾನೇ. ಇನ್ಮೇಲೆ ಸುಳ್ಳು ಬರೆಯೋದಿಲ್ಲ. ಬರ್ಕೊಳ್ಳಿ, ಅರವತ್ತಾರು."

ಅವನು ಬರೆದುಕೊಂಡ. ಜೀರಿಗೆ ಎಡಭುಜದ ಹತ್ತಿಯನ್ನೂ ಕಿತ್ತು ನನ್ನ ಕೈಗೆ ಕೊಟ್ಟ.

"ನೆರೈದಾ, ತಡಿ ತಡಿ," ಎಂದು ಎವೆಲಿಯೊ ಬೆರಳೆತ್ತಿದ. ಅವನ ಮುಖದಲ್ಲಿ ಹಳೆಯ ಕುಹಕ ಮರಳಿ ಬಂದಿತ್ತು. "ಆ ಮಳೆ ಆಟ ತೆಗೆದ್ರೆ ಸ್ಟ್ರೈಕ್‌ಔಟ್ ನಲವತ್ತಮೂರಲ್ಲ, ನಲವತ್ತು. ಕಂಬಂದು ನಲವತ್ತೊಂದು. ಅದ್ರಲ್ಲಿ ಕಂಬಾನೇ ಮೇಲೆ!"

"ಹೌದು ಮಾರಾಯ, ಮೇಲೆ. ಹೋಗಿ ಆ ಖುಷಿಗೆ ಒಂದು ಲೋಟ ಕಬ್ಬಿನ ಹಾಲು ಕುಡಿ."

ಮೇ ತಿಂಗಳ ಆ ಪುಟ ತೆಗೆದೆ. ಒಂಬತ್ತು ಗೀಟುಗಳ ಮೇಲೆ ಪೆನ್ನು ಇಟ್ಟೆ. ಇಷ್ಟೆಲ್ಲ ಆದ ಮೇಲೂ, ನಾಚಿಕೆಯಿಲ್ಲದ ಕೈ ಮುಂದಕ್ಕೆ ಹೋಗಲಿಲ್ಲ. ಜೀರಿಗೆ ನನ್ನ ಪಕ್ಕ ಬಂದು ಕೂತ. ಅವನ ಎದೆಯ ಮೇಲೆ ಹಳೇ ಕಲೆಯ ಪಕ್ಕದಲ್ಲೇ ಇವತ್ತಿನ ಕೆಂಪು ಮಣ್ಣು ಹಸಿಯಾಗಿತ್ತು.

"ಆ ಒಂಬತ್ತು ಚೆಂಡು ನೀನು ನೋಡಿದೀಯಲ್ಲ ಚಿಕ್ಕಮ್ಮ?"

"ನೋಡಿದೀನಿ ಕಣೋ. ಒಂದೊಂದೂ ನೋಡಿದೀನಿ."

"ಹಾಗಾದ್ರೆ ಹೊಡ್ದಾಕು."

ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆದೆ.